ಹಡ್ಸನ್ ಕಣಿವೆಯ ಕಲ್ಲಿನ ಮನೆಗಳು

ಮೊದಲ ದಿನ: ನ್ಯೂ ಪಾಲ್ಟ್ಜ್

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ, ಹಡ್ಸನ್ ನದಿಯ ಪಶ್ಚಿಮ ದಂಡೆಯ ಹೆದ್ದಾರಿಯಲ್ಲಿ ಒಂದೂವರೆ ಗಂಟೆಯಷ್ಟು ಸಾಗಿದರೆ ನ್ಯೂ ಪಾಲ್ಟ್ಜ್ ಎಂಬ ಊರು ಸಿಗುತ್ತದೆ. ಊರಿನ ಪೇಟೆಬೀದಿಯನ್ನು ಇಳಿದು ವಾಲ್‌ಕಿಲ್ ನದಿಯ ಕಡೆಗೆ ಬಂದಾಗ, ನದಿಗೆ ತುಸು ಹಿಂದೆ, ನೆರೆ ನೀರು ತಲುಪದಷ್ಟು ಎತ್ತರದಲ್ಲಿ ಹ್ಯೂಗೆನಾಟ್ ಬೀದಿ ಇದೆ. ಅದರ ಇಕ್ಕೆಲಗಳಲ್ಲಿ ಹದಿನೆಂಟನೆಯ ಶತಮಾನದ ಕಲ್ಲಿನ ಮನೆಗಳು ನಿಂತಿವೆ. ಪಶ್ಚಿಮಕ್ಕೆ ಶಾವಂಗಂಕ್ ಬೆಟ್ಟಸಾಲು ಅಡ್ಡಲಾಗಿ ಮಲಗಿದೆ. ಅಕ್ಟೋಬರ್ ತಿಂಗಳಾದ್ದರಿಂದ ಮೇಪಲ್ ಮರಗಳು ಕೆಂಪಾಗಿದ್ದವು. ಬೀದಿಯಲ್ಲಿ ಪ್ರವಾಸಿಗರು ಹೆಚ್ಚೇ ಇದ್ದರು.

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನನಗೆ ಡಚ್ ಶೈಲಿಯ ಕಲ್ಲುಮನೆ ಹೊಸತಲ್ಲ. ನಮ್ಮ ಕಡೆಯ ಬರ್ಗನ್ ಕೌಂಟಿಯಲ್ಲಿ ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದ, ಸೂರು ಮುಂದಕ್ಕೆ ಬಾಗಿ ಇಳಿದ ಅಂಥ ಮನೆಗಳು ಈಗಲೂ ಹಲವು ಉಳಿದಿವೆ. ಆದರೆ ಈ ಬಾರಿ ನನ್ನೊಡನೆ ಸೋದರಮಾವ ಇದ್ದರು. ಅವರು ಸಿದ್ದಾಪುರ ತಾಲ್ಲೂಕಿನವರು. ಹಳೆಯ ಮನೆಗಳ ಮರಗೆಲಸವನ್ನು ಜೋಪಾನವಾಗಿ ಬಿಚ್ಚಿ ಬೇರೆಡೆ ಮತ್ತೆ ನಿಲ್ಲಿಸುವ ಕೆಲಸದಲ್ಲಿ ಬಹುಕಾಲ ಕಳೆದವರು. ಗೋಡೆಗಿಂತ ಮೊದಲು ತೊಲೆಯನ್ನು ನೋಡುವುದು ಅವರ ಅಭ್ಯಾಸ. ಅವರ ಜೊತೆ ಹೋದದ್ದರಿಂದಲೇ ಈ ಮನೆಗಳನ್ನು ಯಾರು ಕಟ್ಟಿಸಿದರು ಎಂಬುದರಷ್ಟೇ, ಯಾರು ಕಟ್ಟಿದರು ಎಂಬುದನ್ನೂ ಕೇಳಬೇಕೆಂದು ನನಗೆ ಅನ್ನಿಸಿತು.

ಈ ಊರಿಗೆ ಮೊದಲು ಬಂದವರು ಡಚ್ಚರಲ್ಲ. ಫ್ರಾನ್ಸಿನ ಉತ್ತರ ಭಾಗದಲ್ಲಿ ಮತ್ತು ಅದರ ನೆರೆಯ ಪ್ರದೇಶದಲ್ಲಿ ಪ್ರಾಟೆಸ್ಟಂಟ್ ಮತವನ್ನು ಅನುಸರಿಸುತ್ತಿದ್ದ ಹ್ಯೂಗೆನಾಟರು ಅಲ್ಲಿನ ಕಿರುಕುಳಕ್ಕೆ ಬೇಸತ್ತು ಜರ್ಮನಿಯ ಮಾನ್‌ಹೈಮ್ ನಗರದ ಸುತ್ತಮುತ್ತ ಆಶ್ರಯ ಪಡೆದಿದ್ದರು. ಅಲ್ಲಿಂದ ಅವರು ಅಟ್ಲಾಂಟಿಕ್ ದಾಟಿ, ಡಚ್ಚರು ಹಡ್ಸನ್ ಕಣಿವೆಯಲ್ಲಿ ಕಟ್ಟಿದ್ದ ವಿಲ್ಟ್‌ವಿಕ್ (ಇಂದಿನ ಕಿಂಗ್‌ಸ್ಟನ್) ಎಂಬ ನೆಲೆಗೂ ಅದರ ಹತ್ತಿರದ ಹರ್ಲಿಗೂ ಬಂದರು. 1677ರ ಮೇ ತಿಂಗಳಲ್ಲಿ ಈ ಕುಟುಂಬಗಳು ಇಲ್ಲಿನ ಮೂಲನಿವಾಸಿಗಳಾದ ಎಸೋಪಸ್ ಜನರೊಡನೆ ಒಪ್ಪಂದ ಮಾಡಿಕೊಂಡವು. ಕಡಾಯಿ, ಕೊಡಲಿ, ಕಂಬಳಿ, ಮದ್ದಿನಪುಡಿ, ದ್ರಾಕ್ಷಾರಸ, ತಂಬಾಕು, ಕುದುರೆ ಮೊದಲಾದವುಗಳನ್ನು ಕೊಟ್ಟು ಸುಮಾರು 40,000 ಎಕರೆ ನೆಲವನ್ನು ಪಡೆದವು. ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಎಸೋಪಸ್ ಜನ ತಮ್ಮಲ್ಲೇ ಉಳಿಸಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಗವರ್ನರ್ ಎಡ್ಮಂಡ್ ಆಂಡ್ರೋಸ್ ಹನ್ನೆರಡು ಮಂದಿಯ ಹೆಸರಿನಲ್ಲಿ ಪಟ್ಟಾ ಬರೆದುಕೊಟ್ಟನು. ಡಚ್ಚರ ಆಳ್ವಿಕೆ 1664ರಲ್ಲೇ ಇಂಗ್ಲಿಷರ ಪಾಲಾಗಿತ್ತು. 1673ರಲ್ಲಿ ಡಚ್ಚರು ಅದನ್ನು ಮರಳಿ ಪಡೆದರೂ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ ಅದು ಅವರ ಕೈಯಲ್ಲಿ ಉಳಿಯಿತು.

ಹೀಗೆ ಮೂಲನಿವಾಸಿಗಳ ನೆಲದಲ್ಲಿ, ಇಂಗ್ಲಿಷ್ ದೊರೆಯ ಪಟ್ಟಾದ ಮೇಲೆ, ಫ್ರೆಂಚ್ ಮಾತಾಡುವ ಜನ ಡಚ್ಚರ ರೀತಿಯಲ್ಲಿ ಮನೆ ಕಟ್ಟಿಕೊಂಡರು. ಅದಕ್ಕೆ ಕಾರಣ ಸುಲಭವಾಗಿ ತಿಳಿಯುತ್ತದೆ. ಸುತ್ತಮುತ್ತ ಕೆಲಸ ಬಲ್ಲ ಬಡಗಿಗಳು ಡಚ್ಚರು, ಪೇಟೆ ಡಚ್ಚರದು, ಹೆಣ್ಣು ಗಂಡು ಕೊಟ್ಟು ತರುವ ನಂಟು ಡಚ್ ಮನೆತನಗಳೊಡನೆ. ಕೆಲವು ತಲೆಮಾರು ಕಳೆಯುವುದರೊಳಗೆ ಇಲ್ಲಿನ ಇಗರ್ಜಿಯ ಬರವಣಿಗೆಯೂ ಫ್ರೆಂಚಿನಿಂದ ಡಚ್ಚಿಗೆ ತಿರುಗಿತು.

ಬೀದಿಯಲ್ಲಿ ನಾವು ಹೆಚ್ಚು ಹೊತ್ತು ಕಳೆದದ್ದು ಜಾನ್ ಹಾಸ್‌ಬ್ರೂಕ್ ಮನೆಯಲ್ಲಿ. ಹೊರಗಿನಿಂದ ನೋಡಿದರೆ ಗೋಡೆಯ ಎತ್ತರ ಹೆಚ್ಚಿಲ್ಲ. ಅದರ ಮೇಲೆ ಗೋಡೆಗಿಂತಲೂ ಎತ್ತರವಾದ, ಕಡಿದಾಗಿ ಇಳಿದ ಮಾಡು ಕುಳಿತಿದೆ. ಗೋಡೆಗೆ ಹತ್ತಿರದ ಹೊಲಗದ್ದೆಗಳಿಂದ, ಬಂಡೆಸಾಲುಗಳಿಂದ ಒಟ್ಟುಮಾಡಿದ ಕಲ್ಲನ್ನು ಬಳಸಿದ್ದಾರೆ. ಕಲ್ಲಿಗೆ ಒರಟಾಗಿ ಮಾತ್ರ ಮುಖ ಕೊಟ್ಟು, ಒಳಗೆ ಮಣ್ಣಿನ ಕೆಸರಿನಲ್ಲಿ ಕೂಡಿಸಿ, ಹೊರಗೆ ಸಂದುಗಳಿಗೆ ಸುಣ್ಣದ ಗಾರೆ ತುಂಬುವುದು ಈ ಕಡೆಯ ಪದ್ಧತಿ. ಮಣ್ಣಿನ ಕೆಸರಿಗೆ ಮಳೆ ತಾಗಿದರೆ ಗೋಡೆ ಒಳಗಿಂದೊಳಗೆ ಸಡಿಲವಾಗುತ್ತದೆ. ಆದ್ದರಿಂದ ಹೊರಗಿನ ಸುಣ್ಣದ ಗಾರೆಯನ್ನು ಕಾಲಕಾಲಕ್ಕೆ ತುಂಬುತ್ತಿರಲೇಬೇಕು. ಮಾವ ಗೋಡೆಯ ಮೂಲೆಯಲ್ಲಿ ಕುಳಿತು ಸಂದುಗಳನ್ನು ಬಹಳ ಹೊತ್ತು ನೋಡಿದರು. ಹಳೆಯ ಕಲ್ಲುಗೋಡೆಗೆ ಸಿಮೆಂಟು ಮೆತ್ತಿ ಕೆಡಿಸಿದ ಮನೆಗಳನ್ನು ಅವರು ಊರಿನಲ್ಲಿ ಬೇಕಾದಷ್ಟು ಕಂಡಿದ್ದಾರೆ. ಇಲ್ಲಿ ಸುಣ್ಣಕ್ಕೆ ಸುಣ್ಣವನ್ನೇ ತುಂಬಿದ್ದು ಅವರಿಗೆ ಸಮಾಧಾನ ತಂದಿತು.

ಬಾಗಿಲು ದಾಟಿದರೆ ನಡುವೆ ಅಗಲವಾದ ಹಜಾರವಿದೆ, ಎರಡೂ ಬದಿಗೆ ಕೋಣೆಗಳಿವೆ. ಅದೇ ಬೀದಿಯ ಏಬ್ರಹಾಂ ಹಾಸ್‌ಬ್ರೂಕ್ ಮನೆ ಇದಕ್ಕಿಂತ ಭಿನ್ನ. ಅಲ್ಲಿ ಮೊದಲು ಒಂದು ಕೋಣೆಯನ್ನು ಕಟ್ಟಿ, ಅನುಕೂಲವಾದಂತೆ ಅದರ ಆಚೆ ಈಚೆ ಸಾಲಾಗಿ ಇನ್ನೆರಡನ್ನು ಸೇರಿಸಿದ್ದಾರೆ. ಜಾನ್ ಹಾಸ್‌ಬ್ರೂಕ್ ಮನೆಯನ್ನು ಒಂದೇ ಸಲಕ್ಕೆ, ಇಷ್ಟು ದೊಡ್ಡದಾಗಿ ಯೋಚಿಸಿ ಕಟ್ಟಿದವನ ಕೈಯಲ್ಲಿ ಆಗ ಒಳ್ಳೆಯ ಹಣವಿತ್ತೆಂಬುದು ಹಜಾರದಲ್ಲಿ ನಿಂತ ಕೂಡಲೇ ತಿಳಿಯುತ್ತದೆ.

ಡಚ್ಚರ ಕೈ ಎದ್ದು ಕಾಣುವುದು ಅಗ್ಗಿಷ್ಟಿಕೆಯಲ್ಲಿ ಮತ್ತು ತಲೆಯ ಮೇಲಿನ ತೊಲೆಗಳಲ್ಲಿ. ಇಂಗ್ಲಿಷರ ಅಗ್ಗಿಷ್ಟಿಕೆಗೆ ಎರಡು ಪಕ್ಕಗಳಲ್ಲಿ ಗೋಡೆಯಿರುತ್ತದೆ. ಬೆಂಕಿ ಗೂಡಿನೊಳಗೆ ಉರಿಯುತ್ತದೆ. ಡಚ್ಚರ ಪದ್ಧತಿಯಲ್ಲಿ ಪಕ್ಕದ ಗೋಡೆಗಳೇ ಇಲ್ಲ. ನೆಲದ ಮೇಲೆ, ಕೋಣೆಯ ಗೋಡೆಗೆ ತಾಗಿದಂತೆ ಬೆಂಕಿ ಹಾಕುತ್ತಾರೆ. ಮೇಲೆ ಮಾಳಿಗೆಯಿಂದ ಇಳಿದ ದೊಡ್ಡ ಮುಚ್ಚಿಗೆಯೊಂದು ಹೊಗೆಯನ್ನು ಹಿಡಿದು ಚಿಮಣಿಗೆ ಕಳಿಸುತ್ತದೆ. ಹೊಗೆ ಕೋಣೆಗೆ ಚದುರದಿರಲೆಂದು ಮುಚ್ಚಿಗೆಯ ಅಂಚಿಗೆ ಗಿಡ್ಡ ಪರದೆಯನ್ನು ಇಳಿಬಿಡುತ್ತಾರೆ. ಬೆಂಕಿಯ ಮೂರು ಕಡೆಯೂ ಜನ ಕುಳಿತುಕೊಳ್ಳಬಹುದು, ಆದರೆ ಬಿಸಿಯ ಬಹುಪಾಲು ಚಿಮಣಿಯ ಪಾಲಾಗುತ್ತದೆ. ಇಂಥ ಅಗ್ಗಿಷ್ಟಿಕೆಗಳನ್ನು ಮುಂದೆ ಬಹುತೇಕ ಎಲ್ಲ ಮನೆಗಳಲ್ಲಿ ಕಿತ್ತು ಇಂಗ್ಲಿಷ್ ರೀತಿಗೆ ಬದಲಾಯಿಸಿದರು.

ಮೇಲಿನ ಅಟ್ಟಕ್ಕೆ ಹತ್ತಿದಾಗ ಮಾವನಿಗೆ ಬೇಕಾದದ್ದು ಸಿಕ್ಕಿತು. ಮಲೆನಾಡಿನ ದೊಡ್ಡ ಮನೆಗಳಲ್ಲಿ ಅಡಿಕೆ ಭತ್ತಗಳಿಗೆಂದೇ ಅಟ್ಟ ಬಿಟ್ಟಿರುವಂತೆ ಇಲ್ಲಿಯೂ ಮಾಡಿನಡಿಯ ಇಡೀ ಜಾಗವನ್ನು ಗೋಧಿ ಮತ್ತಿತರ ಧಾನ್ಯಗಳ ಸಂಗ್ರಹಕ್ಕೆ ಬಿಟ್ಟಿದ್ದಾರೆ. ಈ ಕಣಿವೆಯ ಸಿರಿಯೆಲ್ಲ ಗೋಧಿಯಿಂದ ಬಂದದ್ದು. ಆ ಭಾರವನ್ನು ಹೊರಲೆಂದೇ ಕೆಳಗಿನ ಕೋಣೆಗಳಲ್ಲಿ ಕಾಣುವ ಒಂದೊಂದು ತೊಲೆಯೂ ಅಷ್ಟು ದಪ್ಪವಾಗಿದೆ. ಮಾವ ಮೊಬೈಲಿನ ಬೆಳಕನ್ನು ಒಂದು ಮರದ ಮೇಲೆ ಓರೆಯಾಗಿ ಬಿಟ್ಟು ನನ್ನನ್ನು ಕರೆದರು.

“ಇದು ಗರಗಸದ ಕೆಲಸ ಅಲ್ಲ, ತಮ್ಮಾ. ಬಾಚಿಯಲ್ಲಿ ಕೆತ್ತಿದ್ದು. ಇಲ್ಲಿ ನೋಡು, ಅಂಗೈ ಅಗಲಕ್ಕೊಂದು ಏಟು ಬಿದ್ದಿದೆ. ಬಡಗಿ ಈ ತುದಿಯಿಂದ ಆ ತುದಿಗೆ ಹಿಂದೆ ಸರಿಯುತ್ತ ಕೆತ್ತಿದ್ದಾನೆ.”

ಬೆಳಕು ಓರೆಯಾದಾಗ ಮರದ ಮೈಯಲ್ಲಿ ಸಣ್ಣ ಸಣ್ಣ ತಗ್ಗುಗಳು ಒಂದರ ಪಕ್ಕ ಒಂದು ಕಂಡವು. ನೇರವಾಗಿ ಬೆಳಕು ಬಿಟ್ಟರೆ ಅವು ಕಾಣುವುದೇ ಇಲ್ಲ.

ಈ ಮನೆಯ ಚರಿತ್ರೆಯನ್ನು ತಿದ್ದಿದ್ದು ಕೂಡ ಮರವೇ. ಜಾನ್ ಹಾಸ್‌ಬ್ರೂಕ್ ಪಟ್ಟಾದಾರರಲ್ಲಿ ಒಬ್ಬ. ಈ ಮನೆಯನ್ನು ಅವನೇ ಕಟ್ಟಿಸಿದನೆಂದು ಅವನ ವಂಶದವರೂ ಊರಿನವರೂ ತಲೆಮಾರುಗಳ ಕಾಲ ನಂಬಿದ್ದರು. ಮನೆಗೆ ಅವನ ಹೆಸರೇ ನಿಂತಿತು. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ಕಾಲ ಗುರುತಿಸುವ ವಿಧಾನ ಬಂದ ಮೇಲೆ ತಜ್ಞರು ಇಲ್ಲಿನ ತೊಲೆಗಳಿಂದ ಪೆನ್ಸಿಲಿನಷ್ಟು ಸಪೂರವಾದ ಚೂರುಗಳನ್ನು ಕೊರೆದು ತೆಗೆದರು. ಮಳೆ ಚೆನ್ನಾಗಿ ಬಂದ ವರ್ಷ ಉಂಗುರ ಅಗಲವಾಗುತ್ತದೆ, ಬರದ ವರ್ಷ ಕಿರಿದಾಗುತ್ತದೆ. ಒಂದೇ ಸೀಮೆಯ ಮರಗಳಲ್ಲಿ ಈ ಅಗಲ ಕಿರಿದುಗಳ ಸಾಲು ಒಂದೇ ರೀತಿ ಇರುವುದರಿಂದ, ಕಾಲ ಗೊತ್ತಿರುವ ಮರಗಳ ಸಾಲಿನೊಡನೆ ಅದನ್ನು ಹೊಂದಿಸಿ ನೋಡಬಹುದು. ತೊಗಟೆಯ ಅಂಚು ಉಳಿದಿದ್ದರೆ ಮರ ಉರುಳಿದ ವರ್ಷವೇ ಸಿಗುತ್ತದೆ. ಹಾಗೆ ಸಿಕ್ಕ ಕಾಲ 1721. ಜಾನ್ ತೀರಿಕೊಂಡದ್ದು 1714ರಲ್ಲಿ. ಎಂದರೆ ಈ ಮನೆಯನ್ನು ಕಟ್ಟಿಸಿದವನು ಅವನ ಮಗ ಜೇಕಬ್. ತಂದೆ ಇದರ ಹೊಸ್ತಿಲನ್ನು ತುಳಿದವನೇ ಅಲ್ಲ.

ಕೇಳಿದ ಕಥೆಗಿಂತ ಮರದ ಸಾಕ್ಷಿಯನ್ನು ಒಪ್ಪಿಕೊಂಡು, ಅದನ್ನು ಬಂದವರಿಗೆಲ್ಲ ಬಿಡಿಸಿ ಹೇಳುವ ಇಲ್ಲಿನ ಪದ್ಧತಿ ನನಗೆ ಬಹಳ ಹಿಡಿಸಿತು. ಜೇಕಬನ ಮೊಮ್ಮಗ ಜೋಸಾಯ ಹಾಸ್‌ಬ್ರೂಕ್ ಅಮೆರಿಕದ ಸಂಸತ್ತಿನ ಸದಸ್ಯನಾದವನು. 1814ರಲ್ಲಿ ಅವನು ಕೆಲವು ಮೈಲಿ ದೂರದಲ್ಲಿ ಹೊಸ ಕಾಲದ ಬಂಗಲೆಯನ್ನು ಕಟ್ಟಿಸಿಕೊಂಡನು. ಆಮೇಲೆ ಈ ಮನೆಯಲ್ಲಿ ಬಾಡಿಗೆಯವರೇ ಇದ್ದರೆಂಬುದು ಒಂದು ರೀತಿಯಲ್ಲಿ ಒಳ್ಳೆಯದಾಯಿತು. ಹಣವಂತರು ಇದ್ದಿದ್ದರೆ ಕಾಲಕ್ಕೆ ತಕ್ಕಂತೆ ಒಡೆದು ಕಟ್ಟಿಸುತ್ತಿದ್ದರು. ಅದೇ ಬೀದಿಯ ಡೇಯೋ ಮನೆಗೆ 1894ರಲ್ಲಿ ಹಾಗೆಯೇ ಆಯಿತು; ಇಂದು ಹೊರಗಿನಿಂದ ನೋಡಿದವರಿಗೆ ಅದರ ಒಳಗೊಂದು ಹಳೆಯ ಕಲ್ಲುಮನೆ ಇದೆಯೆಂದು ಊಹಿಸುವುದೇ ಕಷ್ಟ. ಅದೇ 1894ರಲ್ಲಿ ಹ್ಯೂಗೆನಾಟರ ವಂಶಸ್ಥರು ಸಂಘವೊಂದನ್ನು ಸ್ಥಾಪಿಸಿದರು. 1899ರಲ್ಲಿ ಜಾನ್ ಹಾಸ್‌ಬ್ರೂಕ್ ಮನೆಯನ್ನು ಕೊಂಡು ಪೂರ್ವಜರ ಸ್ಮಾರಕವೆಂದು ತೆರೆದರು. ಬೀದಿಯ ಮಿಕ್ಕ ಮನೆಗಳ ರಕ್ಷಣೆಗೂ ಅದೇ ನಾಂದಿಯಾಯಿತು.

ಅಟ್ಟದಿಂದ ಇಳಿಯುವಾಗ ಮಾವ ಒಂದು ಪ್ರಶ್ನೆ ಕೇಳಿದರು. “ಇಂಥ ತೊಲೆ ಮೇಲೆತ್ತಲಿಕ್ಕೆ ಹತ್ತಾಳಾದರೂ ಬೇಕು. ಒಂದು ಮನೆಯವರ ಕೈಯಲ್ಲಿ ಆಗುವ ಕೆಲಸ ಅಲ್ಲ. ಯಾರು ಎತ್ತಿದರು?”

ಅದಕ್ಕೆ ಉತ್ತರ ಏಬ್ರಹಾಂ ಹಾಸ್‌ಬ್ರೂಕ್ ಮನೆಯ ನೆಲಮಾಳಿಗೆಯ ಅಡುಗೆಕೋಣೆಯಲ್ಲಿತ್ತು. ಹೊರಗಿನಿಂದ ಮೆಟ್ಟಿಲಿಳಿದು ಹೋಗಬೇಕಾದ, ತಗ್ಗು ಮಾಳಿಗೆಯ ಆ ಕೋಣೆಯಲ್ಲಿ ಆಫ್ರಿಕಾ ಮೂಲದ ಗುಲಾಮರು ಅಡುಗೆ ಮಾಡುತ್ತಿದ್ದರು, ಅಲ್ಲೇ ಮಲಗುತ್ತಿದ್ದರು. ನ್ಯೂ ಪಾಲ್ಟ್ಜ್ ಹುಟ್ಟುವುದಕ್ಕೂ ಮೊದಲೇ, 1674ರಲ್ಲಿ, ಪಟ್ಟಾದಾರರ ಮುಂದಾಳು ಲೂಯಿ ಡ್ಯುಬೊಯಿ ಕಿಂಗ್‌ಸ್ಟನ್ನಿನ ಬಹಿರಂಗ ಹರಾಜಿನಲ್ಲಿ ಇಬ್ಬರನ್ನು ಕೊಂಡಿದ್ದನು. ಮತದ ಕಾರಣಕ್ಕೆ ಓಡಿಬಂದು ಸ್ವಾತಂತ್ರ್ಯ ಕಂಡುಕೊಂಡವರು ಇನ್ನೊಬ್ಬರ ಸ್ವಾತಂತ್ರ್ಯವನ್ನು ಹಣಕೊಟ್ಟು ಕೊಂಡರು ಎಂಬುದನ್ನು ಈ ಬೀದಿಯಲ್ಲಿ ಈಗ ಯಾರೂ ಮುಚ್ಚಿಡುವುದಿಲ್ಲ. ನ್ಯೂಯಾರ್ಕ್ ರಾಜ್ಯ 1799ರಲ್ಲಿ ಗುಲಾಮಗಿರಿಯನ್ನು ಹಂತಹಂತವಾಗಿ ಕೊನೆಗಾಣಿಸುವ ಕಾನೂನನ್ನು ತಂದಾಗ, ಆ ವರ್ಷದ ಜುಲೈ 4ರ ನಂತರ ಗುಲಾಮ ತಾಯಿಗೆ ಹುಟ್ಟುವ ಮಗು ಸ್ವತಂತ್ರವೆಂದೂ, ಆದರೆ ಹೆಣ್ಣಾದರೆ 25 ವರ್ಷ, ಗಂಡಾದರೆ 28 ವರ್ಷ ತುಂಬುವವರೆಗೆ ಒಡೆಯನ ಬಳಿ ದುಡಿಯಬೇಕೆಂದೂ ಗೊತ್ತುಮಾಡಿತು. ಅದಕ್ಕಾಗಿ ಆ ಮಕ್ಕಳ ಜನನವನ್ನು ಬರೆದಿಟ್ಟ ನ್ಯೂ ಪಾಲ್ಟ್ಜ್ ಊರಿನ ದಾಖಲೆ ಪುಸ್ತಕ ಉಳಿದುಕೊಂಡಿದೆ. 2019ರಲ್ಲಿ ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿನಿಲಯಗಳಿಗೂ ಊಟದ ಮನೆಗೂ ಇದ್ದ ಹಾಸ್‌ಬ್ರೂಕ್, ಡ್ಯುಬೊಯಿ, ಡೇಯೋ ಮೊದಲಾದ ಹೆಸರುಗಳನ್ನು ಈ ಕಾರಣಕ್ಕಾಗಿಯೇ ಬದಲಾಯಿಸಿತು. ಆ ನಿರ್ಧಾರ ಸರಿಯಾದದ್ದೆಂದೇ ನನ್ನ ಅಭಿಪ್ರಾಯ; ಇನ್ನೂ ಕಲಿಯುವ ವಯಸ್ಸಿನ ಮಕ್ಕಳು, ಅದರಲ್ಲೂ ಕಪ್ಪು ಮಕ್ಕಳು, ತಮ್ಮ ಹಿರಿಯರನ್ನು ಕೊಂಡವರ ಹೆಸರಿನ ಸೂರಿನಡಿ ಮಲಗಬೇಕಾಗಿಲ್ಲ.

ಎರಡನೆಯ ದಿನ: ಹರ್ಲಿ ಮತ್ತು ಕಿಂಗ್‌ಸ್ಟನ್

ನ್ಯೂ ಪಾಲ್ಟ್ಜ್‌ನಿಂದ ಉತ್ತರಕ್ಕೆ ಅರ್ಧ ಗಂಟೆಯ ದಾರಿಯಲ್ಲಿ ಹರ್ಲಿ ಇದೆ. ಅದು ಒಂದೇ ಬೀದಿಯ ಊರು. ಇಲ್ಲಿನ ಕಲ್ಲುಮನೆಗಳು ವಸ್ತುಸಂಗ್ರಹಾಲಯಗಳಲ್ಲ. ಹೆಚ್ಚಿನವುಗಳಲ್ಲಿ ಇವತ್ತಿಗೂ ಸಂಸಾರಗಳಿವೆ. ಜುಲೈ ತಿಂಗಳ ಒಂದು ಶನಿವಾರ ಮಾತ್ರ ಕೆಲವು ಮನೆಯವರು ಸಾರ್ವಜನಿಕರಿಗೆ ಬಾಗಿಲು ತೆರೆಯುವ ರೂಢಿಯಿದೆ. ಉಳಿದ ದಿನಗಳಲ್ಲಿ ರಸ್ತೆಯ ಮೇಲಿಂದ ನೋಡಬೇಕು. ನಾವು ನಿಧಾನವಾಗಿ ನಡೆದು ನೋಡಿದೆವು. ಕಲ್ಲು ಅದೇ ಬಗೆಯದು, ಮಾಡಿನ ಇಳಿಜಾರೂ ಅದೇ. ಬಾಗಿಲುಗಳು ಅಡ್ಡಕ್ಕೆ ಎರಡಾಗಿ ಸೀಳಿದವು. ಕೆಳಗಿನ ಅರ್ಧವನ್ನು ಮುಚ್ಚಿಟ್ಟರೆ ಕೋಳಿ ಹಂದಿಗಳು ಒಳಗೆ ಬರುವುದಿಲ್ಲ, ಮಗು ಹೊರಗೆ ಹೋಗುವುದಿಲ್ಲ. ಮೇಲಿನ ಅರ್ಧವನ್ನು ತೆರೆದಿಟ್ಟರೆ ಗಾಳಿ ಬೆಳಕಿಗೆ ಅಡ್ಡಿಯಿಲ್ಲ.

ಬೀದಿಯ ವಾನ್ ಡ್ಯೂಸನ್ ಮನೆ 1723ರದು. 1777ರ ಕೊನೆಯಲ್ಲಿ, ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ ಕಿಂಗ್‌ಸ್ಟನ್ ಸುಟ್ಟುಹೋದ ಮೇಲೆ, ಹೊಸದಾಗಿ ಹುಟ್ಟಿದ್ದ ನ್ಯೂಯಾರ್ಕ್ ರಾಜ್ಯದ ಆಡಳಿತ ಮಂಡಲಿ ಸ್ವಲ್ಪಕಾಲ ಇದೇ ಮನೆಯಲ್ಲಿ ಕೂಡಿತು. ಆ ಅಕ್ಟೋಬರಿನಲ್ಲಿ ಡೇನಿಯಲ್ ಟೇಲರ್ ಎಂಬ ಬ್ರಿಟಿಷ್ ಗೂಢಚಾರನನ್ನು ಈ ಊರಿನಲ್ಲಿ ನೇಣಿಗೆ ಹಾಕಿದರು. ಅವನು ಸಿಕ್ಕಿಬಿದ್ದಾಗ ಬ್ರಿಟಿಷ್ ಜನರಲ್ ಹೆನ್ರಿ ಕ್ಲಿಂಟನ್ ಬರೆದ ಚೀಟಿಯಿದ್ದ ಬೆಳ್ಳಿಯ ಗುಂಡನ್ನು ನುಂಗಿಬಿಟ್ಟಿದ್ದನು. ವಾಂತಿಯ ಔಷಧ ಕುಡಿಸಿ ಅದನ್ನು ಹೊರತೆಗೆಸಿದರು. ಹರ್ಲಿಯಲ್ಲಿ ಎಲ್ಲರೂ ಹೇಳುವ ಕಥೆ ಇದು. ಆದರೆ ನಾವು ಮನೆಗಳಿಗಾಗಿ ಬಂದವರು; ಮಧ್ಯಾಹ್ನದೊಳಗೆ ಕಿಂಗ್‌ಸ್ಟನ್ ತಲುಪಿದೆವು.

ಕಿಂಗ್‌ಸ್ಟನ್ನಿನ ಹಳೆಯ ಭಾಗವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಒಂದು ಬೇಲಿಯನ್ನು ಕಲ್ಪಿಸಿಕೊಳ್ಳಬೇಕು. 1658ರಲ್ಲಿ ಡಚ್ ವಸಾಹತಿನ ಮುಖ್ಯಸ್ಥ ಪೀಟರ್ ಸ್ಟೈವಸಂಟ್ ಇಲ್ಲಿಗೆ ಬಂದು, ಚದುರಿಹೋಗಿದ್ದ ರೈತರು ಒಂದೇ ಕಡೆ ಇರಬೇಕೆಂದು ಅಪ್ಪಣೆ ಮಾಡಿ, ದಿಣ್ಣೆಯ ಮೇಲೆ ಮರದ ಗೂಟಗಳ ಕೋಟೆಯನ್ನು ಹಾಕಿಸಿದನು. 1661ರಲ್ಲಿ ಆ ಊರಿಗೆ ವಿಲ್ಟ್‌ವಿಕ್ ಎಂಬ ಹೆಸರಿನಲ್ಲಿ ಸನದು ಸಿಕ್ಕಿತು. 1663ರ ಜೂನ್ 7ರಂದು ಎಸೋಪಸ್ ಜನ ಹರ್ಲಿಯ ನೆಲೆಯನ್ನು ಸುಟ್ಟು, ವಿಲ್ಟ್‌ವಿಕ್ ಮೇಲೆ ಬಿದ್ದು, ಹೆಂಗಸರು ಮಕ್ಕಳನ್ನು ಸೆರೆ ಒಯ್ದರು. ಅವರಲ್ಲಿ ಲೂಯಿ ಡ್ಯುಬೊಯಿಯ ಹೆಂಡತಿ ಕ್ಯಾಥರೀನಳೂ ಇದ್ದಳು. ಸೆಪ್ಟೆಂಬರಿನಲ್ಲಿ ಡಚ್ ಸೈನಿಕರು ಎಸೋಪಸರ ಹಳ್ಳಿಯನ್ನು ಮುತ್ತಿ ಅವರನ್ನು ಬಿಡಿಸಿ ತಂದರು. ತಮ್ಮ ನೆಲ ಒಂದೊಂದು ಹೊಲವಾಗಿ ಕೈಬಿಡುತ್ತಿದ್ದುದನ್ನು ಕಂಡ, ಹಿಂದಿನ ಕಾದಾಟದಲ್ಲಿ ಸೆರೆಸಿಕ್ಕ ತಮ್ಮವರು ಕೆರಿಬಿಯನ್ ದ್ವೀಪಕ್ಕೆ ಗುಲಾಮರಾಗಿ ಹೋದದ್ದನ್ನು ಮರೆಯದ ಜನರ ಸಿಟ್ಟು ಅದು. 1669ರಲ್ಲಿ ಇಂಗ್ಲಿಷರು ಊರಿಗೆ ಕಿಂಗ್‌ಸ್ಟನ್ ಎಂದು ಹೆಸರಿಟ್ಟರು. ಗೂಟದ ಕೋಟೆ ಯಾವಾಗಲೋ ಹೋಯಿತು. ಅದರೊಳಗಿನ ಬೀದಿಗಳ ವಿನ್ಯಾಸ ಮಾತ್ರ ಉಳಿದಿದೆ. ಜಾನ್ ಬೀದಿಯೂ ಕ್ರೌನ್ ಬೀದಿಯೂ ಕೂಡುವಲ್ಲಿ ನಾಲ್ಕು ಮೂಲೆಗಳಲ್ಲೂ ಅಮೆರಿಕದ ಕ್ರಾಂತಿಗಿಂತ ಹಿಂದಿನ ಕಲ್ಲುಮನೆಗಳಿವೆ.

ಕೋಟೆಯ ಅಂಚಿನಲ್ಲಿದ್ದ ಸೆನೆಟ್ ಹೌಸ್ ಈ ಊರಿನ ಹೆಸರಾಂತ ಮನೆ. ವೆಸಲ್ ಟೆನ್ ಬ್ರೂಕ್ ಎಂಬಾತ 1676ರಲ್ಲಿ ಇದನ್ನು ಕಟ್ಟಿಸಿದನೆಂದು ಹೇಳುತ್ತಾರೆ. ನೂರು ವರ್ಷ ಕಳೆದ ಮೇಲೆ ಇದು ಏಬ್ರಹಾಂ ವಾನ್ ಗಾಸ್‌ಬೀಕ್ ಎಂಬ ವ್ಯಾಪಾರಿಯ ಮನೆಯಾಗಿತ್ತು. ನ್ಯೂಯಾರ್ಕ್ ನಗರ ಬ್ರಿಟಿಷರ ಕೈಯಲ್ಲಿದ್ದುದರಿಂದ ಬಂಡೆದ್ದವರ ಸರ್ಕಾರ ಉತ್ತರಕ್ಕೆ ಸರಿಯುತ್ತ ಸರಿಯುತ್ತ ಕಿಂಗ್‌ಸ್ಟನ್ನಿಗೆ ಬಂದಿತ್ತು. 1777ರ ಏಪ್ರಿಲ್ 20ರಂದು ಇದೇ ಊರಿನಲ್ಲಿ ರಾಜ್ಯದ ಮೊದಲ ಸಂವಿಧಾನವನ್ನು ಅಂಗೀಕರಿಸಿದರು, ಜುಲೈ 30ರಂದು ಜಾರ್ಜ್ ಕ್ಲಿಂಟನ್ ಮೊದಲ ಗವರ್ನರ್ ಆಗಿ ಪ್ರಮಾಣ ಸ್ವೀಕರಿಸಿದನು. ಸೆಪ್ಟೆಂಬರಿನಲ್ಲಿ ಮೊದಲ ಸೆನೆಟ್ ಸಭೆ ಸೇರಿದ್ದು ಈ ವ್ಯಾಪಾರಿಯ ಮನೆಯಲ್ಲಿ. ಆ ಕೋಣೆಯಲ್ಲಿ ನಿಂತರೆ ಅದು ಎಷ್ಟು ಸಣ್ಣದೆಂದು ಆಶ್ಚರ್ಯವಾಗುತ್ತದೆ. ನಮ್ಮ ಹಳ್ಳಿಯ ಪಂಚಾಯತಿ ಕಚೇರಿಗೂ ಇದಕ್ಕಿಂತ ಹೆಚ್ಚು ಜಾಗವಿದೆ.

ಸಭೆ ಹೆಚ್ಚು ದಿನ ನಡೆಯಲಿಲ್ಲ. ಅಕ್ಟೋಬರ್ 16ರಂದು ಬ್ರಿಟಿಷ್ ಜನರಲ್ ಜಾನ್ ವಾನ್‌ನ ಪಡೆ ನದಿಯಿಂದ ದಡಕ್ಕಿಳಿದು ಊರಿಗೆ ಬೆಂಕಿಯಿಟ್ಟಿತು. ಹೆಚ್ಚುಕಡಿಮೆ ಇಡೀ ಊರು ಒಂದೇ ಮಧ್ಯಾಹ್ನದಲ್ಲಿ ಉರಿದುಹೋಯಿತು. ಮರುದಿನವೇ ಸಾರಟೋಗದಲ್ಲಿ ಜನರಲ್ ಬರ್ಗಾಯ್ನ್ ಶರಣಾದ್ದರಿಂದ ಈ ಸುಡುವಿಕೆಯಿಂದ ಬ್ರಿಟಿಷರಿಗೆ ಯುದ್ಧದಲ್ಲಿ ಯಾವ ಲಾಭವೂ ಆಗಲಿಲ್ಲ.

ಈ ಮನೆಗಳ ಕಟ್ಟುವಿಕೆಯ ಗುಣ ಪರೀಕ್ಷೆಗೆ ಬಂದದ್ದು ಆ ದಿನವೇ. ಮಾಡು, ಅಟ್ಟ, ತೊಲೆ, ಹಲಗೆ, ಬಾಗಿಲು, ಕಿಟಕಿ ಎಲ್ಲವೂ ಬೂದಿಯಾದವು. ಕಲ್ಲಿನ ಗೋಡೆ ನಿಂತೇ ಇತ್ತು. ಚಳಿಗಾಲ ಕಳೆದ ಮೇಲೆ ಜನ ಬಂದು ಅದೇ ಗೋಡೆಗಳ ಮೇಲೆ ಹೊಸ ತೊಲೆಗಳನ್ನು ಕೂರಿಸಿದರು. ಆದ್ದರಿಂದ ಕಿಂಗ್‌ಸ್ಟನ್ನಿನ ಹಳೆಯ ಮನೆಯೆಂದರೆ ಬಹುಮಟ್ಟಿಗೆ ಡಚ್ಚರ ಕಾಲದ ರೀತಿಯ ಗೋಡೆ, ಕ್ರಾಂತಿಯ ನಂತರದ ಮರಗೆಲಸ. ಸೆನೆಟ್ ಹೌಸ್ ಸಹ ಹೀಗೆಯೇ ಎದ್ದು ನಿಂತದ್ದು. ಸೆನೆಟ್ ಹೌಸಿನ ತೊಲೆಗಳನ್ನು ಹಿಂದಿನ ದಿನ ಕಂಡ ತೊಲೆಗಳೊಡನೆ ಹೋಲಿಸುತ್ತ ಮಾವ ಕೋಣೆಯಿಂದ ಕೋಣೆಗೆ ಓಡಾಡಿದರು. ನಾನು ಬೆಂಕಿಯ ವಿಷಯ ಹೇಳಿದ ಮೇಲೆ, “ಹಾಗೆಂದರೆ ಈ ಮನೆಗೆ ಗೋಡೆಯ ವಯಸ್ಸು ಬೇರೆ, ಮಾಡಿನ ವಯಸ್ಸು ಬೇರೆ. ಎರಡನ್ನೂ ಹಲಗೆಯ ಮೇಲೆ ಬರೆದು ಹಾಕಬೇಕಿತ್ತು” ಎಂದರು. ಅವರ ಮಾತು ನ್ಯಾಯವಾದದ್ದು. ರಾಜ್ಯ ಸರ್ಕಾರ 1887ರಷ್ಟು ಹಿಂದೆಯೇ ಹಣಕೊಟ್ಟು ಕೊಂಡು ಸಾರ್ವಜನಿಕರಿಗಾಗಿ ಕಾಪಾಡಿಕೊಂಡು ಬಂದ ಮನೆಯಿದು. ಆ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಸೆನೆಟಿನ ಕೆಲವೇ ವಾರಗಳ ಸಭೆ ಮನೆಯ ಹೆಸರನ್ನೇ ನುಂಗಿದ್ದರಿಂದ, ಅದಕ್ಕೂ ಮುಂಚಿನ ನೂರು ವರ್ಷ ಅಲ್ಲಿ ಬಾಳಿದವರ ಕಥೆ ಹಿಂದೆ ಬಿದ್ದಿದೆಯೆಂದು ನನಗೆ ಅನ್ನಿಸಿತು.

ಸೆನೆಟ್ ಹೌಸಿನಿಂದ ಸ್ವಲ್ಪ ನಡೆದರೆ ವಾಲ್ ಬೀದಿಯಲ್ಲಿ 1818ರ ಕಲ್ಲಿನ ನ್ಯಾಯಾಲಯವಿದೆ. 1828ರಲ್ಲಿ ಇಲ್ಲಿ ಇಸಬೆಲ್ಲಾ ಎಂಬ ತಾಯಿ, ಕಾನೂನನ್ನು ಮೀರಿ ಅಲಬಾಮಾಕ್ಕೆ ಮಾರಾಟವಾಗಿದ್ದ ತನ್ನ ಮಗ ಪೀಟರ್‌ನನ್ನು ಮರಳಿ ಪಡೆದಳು. ಮುಂದೆ ಸೊಜರ್ನರ್ ಟ್ರೂತ್ ಎಂಬ ಹೆಸರಿನಲ್ಲಿ ಅಮೆರಿಕವೆಲ್ಲ ಅರಿತ ಮಹಿಳೆ ಆಕೆ. 1797ರ ಸುಮಾರಿಗೆ ಇದೇ ಅಲ್‌ಸ್ಟರ್ ಕೌಂಟಿಯಲ್ಲಿ ಹಾರ್ಡನ್‌ಬರ್ಗ್ ಎಂಬ ಡಚ್ ಮನೆತನದ ಗುಲಾಮಳಾಗಿ ಹುಟ್ಟಿದಳು; ಅವಳ ತಾಯ್ನುಡಿ ಡಚ್. ಸುಮಾರು ಒಂಬತ್ತು ವರ್ಷದವಳಿದ್ದಾಗ ಕುರಿಮಂದೆಯೊಂದರ ಜೊತೆಗೆ ನೂರು ಡಾಲರಿಗೆ ಅವಳನ್ನು ಮಾರಿದರು. ಕೊಂಡವರಿಗೆ ಡಚ್ ಬಾರದು, ಅವಳಿಗೆ ಇಂಗ್ಲಿಷ್ ಬಾರದು. ಹೇಳಿದ್ದು ತಿಳಿಯದ ತಪ್ಪಿಗೆ ಆ ಮಗು ಚಾಟಿಯೇಟು ತಿಂದಿತು.

ಆಕೆ ಬರೆಯಿಸಿದ, 1850ರಲ್ಲಿ ಅಚ್ಚಾದ ಜೀವನಕಥೆಯಲ್ಲಿ ಹಾರ್ಡನ್‌ಬರ್ಗರ ಮನೆಯ ನೆಲಮಾಳಿಗೆಯ ವರ್ಣನೆಯಿದೆ. ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಗುಲಾಮರೂ ಮಲಗಬೇಕಾದದ್ದು ಆ ಒಂದೇ ಕೋಣೆಯಲ್ಲಿ. ಬೆಳಕು ಬರಲು ನಾಲ್ಕಾರು ಗಾಜಿನ ತುಂಡು, ನೆಲಕ್ಕೆ ಸಡಿಲವಾದ ಹಲಗೆ, ಹಲಗೆಯ ಕೆಳಗೆ ಕೆಸರು ನೀರು. ಈ ಕಲ್ಲುಮನೆಗಳ ಮೇಲಿನ ಕೋಣೆಗಳ ಬಗ್ಗೆ, ಅಲ್ಲಿನ ಕಪಾಟು, ಪಿಂಗಾಣಿ, ಹಾಸಿಗೆಗಳ ಬಗ್ಗೆ ಉಯಿಲುಗಳಿವೆ, ಆಸ್ತಿಪಟ್ಟಿಗಳಿವೆ. ಕೆಳಗಿನ ಕೋಣೆಯಲ್ಲಿ ಮಲಗಿದವರ ಬಾಯಿಂದಲೇ ಬಂದ ವಿವರ ಅಪರೂಪ. ಹಿಂದಿನ ದಿನ ನಾವು ಇಳಿದು ನೋಡಿದ ನೆಲಮಾಳಿಗೆ ಶುಚಿಯಾಗಿತ್ತು, ಒಣಗಿತ್ತು, ಅಲ್ಲಿ ವಿದ್ಯುತ್ ದೀಪವಿತ್ತು. ಅದನ್ನು ಹಾಗೆಯೇ ಕಂಡು ಬರುವವರು ಈ ವರ್ಣನೆಯನ್ನೂ ಒಮ್ಮೆ ಓದಬೇಕು.

ಸಂಜೆ ಪೈನ್ ಬೀದಿಗೆ ಹೋದೆವು. ಹಳೆಯ ಕೋಟೆಯ ಹೊರಗೆ ಆಫ್ರಿಕನ್ನರನ್ನು ಹೂಳುತ್ತಿದ್ದ ನೆಲ ಅಲ್ಲಿದೆ. ಅದರ ಮೇಲೆ ಮನೆಗಳೆದ್ದು ಮರೆತುಹೋಗಿದ್ದ ಜಾಗವನ್ನು ಊರಿನ ಸಂಘಗಳು 2019ರಲ್ಲಿ ಕೊಂಡು ಉಳಿಸಿಕೊಂಡವು.

ಮೂರನೆಯ ದಿನ: ಕಾಕ್ಸಾಕಿ

ಕಿಂಗ್‌ಸ್ಟನ್ನಿನಿಂದ ಉತ್ತರಕ್ಕೆ ಸುಮಾರು 55 ಕಿ.ಮೀ. ದೂರದಲ್ಲಿ, ಕಾಕ್ಸಾಕಿ ಎಂಬಲ್ಲಿ ಬ್ರಾಂಕ್ ಮನೆ ಇದೆ. ದಾರಿಯುದ್ದಕ್ಕೂ ಹಡ್ಸನ್ ನದಿ ಬಲಕ್ಕೆ ಆಗಾಗ ಕಾಣುತ್ತದೆ. 1609ರ ಸೆಪ್ಟೆಂಬರಿನಲ್ಲಿ ಹೆನ್ರಿ ಹಡ್ಸನ್ ಈ ನದಿಯಲ್ಲಿ ಮೇಲಕ್ಕೆ ಸಾಗಿ ಇಂದಿನ ಆಲ್ಬನಿಯವರೆಗೆ ಬಂದದ್ದು ಏಷ್ಯಕ್ಕೆ ಹೊಸ ದಾರಿಯನ್ನು ಹುಡುಕುತ್ತ. ಅವನನ್ನು ಕಳಿಸಿದ್ದು ಡಚ್ ಈಸ್ಟ್ ಇಂಡಿಯಾ ಕಂಪನಿ. ಅದೇ ಕಂಪನಿಯ ಜನ ಆ ಶತಮಾನದಲ್ಲೇ ಕೆಳದಿಯ ನಾಯಕರೊಡನೆ ಒಪ್ಪಂದ ಮಾಡಿಕೊಂಡು ನಮ್ಮ ಬಸರೂರಿನಿಂದ ಅಕ್ಕಿ, ಮೆಣಸು ಸಾಗಿಸಿದರು. ಇದನ್ನು ಹೇಳಿದಾಗ ಮಾವ, ಬಸರೂರಿನಲ್ಲಿ ಅವರು ಇಂಥ ಮನೆ ಕಟ್ಟಿದ್ದರೆ ಒಂದಾದರೂ ಉಳಿಯಬೇಕಿತ್ತಲ್ಲ ಎಂದು ವಿಷಾದಪಟ್ಟರು.

ಬ್ರಾಂಕ್ ಮನೆಯ ಮೊದಲ ಭಾಗ 1663ರದು. ನಾವು ನೋಡಿದ ಮನೆಗಳಲ್ಲಿ ಡಚ್ಚರ ಆಳ್ವಿಕೆ ಇದ್ದಾಗಲೇ ಎದ್ದದ್ದು ಇದೊಂದೇ. ಆಲ್ಬನಿಯಲ್ಲಿ ಮದ್ಯ ಕಾಸುವ ಕಸುಬಿನಲ್ಲಿದ್ದ ಪೀಟರ್ ಬ್ರಾಂಕ್ 1662ರಲ್ಲಿ ಮೂಲನಿವಾಸಿಗಳಿಂದ ಈ ನೆಲವನ್ನು ಪಡೆದು, ಮರುವರ್ಷ ಮನೆ ಕಟ್ಟಿಕೊಂಡು ಬೇಸಾಯಕ್ಕೆ ಇಳಿದನು. ಕಿಂಗ್‌ಸ್ಟನ್ನಿನಲ್ಲಿ ಎಸೋಪಸ್ ಯುದ್ಧ ನಡೆದ ವರ್ಷವೇ ಅದು. ಆಗ ಕಟ್ಟಿದ್ದು ಒಂದೇ ಕೋಣೆ: ಕೆಳಗೆ ನೆಲಮಾಳಿಗೆ, ನಡುವೆ ಇಡೀ ಸಂಸಾರ, ಮೇಲೆ ಧಾನ್ಯದ ಅಟ್ಟ. ನ್ಯೂ ಪಾಲ್ಟ್ಜ್‌ನ ಅಗಲವಾದ ಹಜಾರವನ್ನು ಕಂಡು ಬಂದವರಿಗೆ ಇದು ಬಡತನದ ಮನೆಯೆಂದು ತೋರಬಹುದು. ಆದರೆ ನೆಲದಡಿ, ನೆಲ, ಅಟ್ಟ ಎಂಬ ಮೂರು ನೆಲೆಗಳ ಆ ಲೆಕ್ಕಾಚಾರ ಇಲ್ಲಿ ಆಗಲೇ ಪೂರ್ತಿಯಾಗಿದೆ. ಮುಂದಿನವರು ಅದನ್ನು ದೊಡ್ಡದು ಮಾಡಿದರು.

1685ರಲ್ಲಿ ಮಗ ಕಲ್ಲಿನಲ್ಲೇ ಇನ್ನೊಂದು ಭಾಗವನ್ನು ಸೇರಿಸಿದನು. 1738ರಲ್ಲಿ ಆ ವಂಶದ ಲೆಂಡರ್ಟ್ ಬ್ರಾಂಕ್ ಪಕ್ಕದಲ್ಲೇ ಪ್ರತ್ಯೇಕವಾದ ಇಟ್ಟಿಗೆಯ ಮನೆಯನ್ನು ಎಬ್ಬಿಸಿ, ಹಳೆಯದನ್ನೂ ಹೊಸದನ್ನೂ ಒಂದು ಕಿರುಹಾದಿಯಿಂದ ಕೂಡಿಸಿದನು. ಕಿಟಕಿ ಬಾಗಿಲುಗಳನ್ನು ಕಾಲಕ್ಕೆ ತಕ್ಕಂತೆ ಬದಲಾಯಿಸಿದ್ದಾರೆ, ಮಾಡಿನ ಹೊದಿಕೆಯನ್ನೂ ಬದಲಾಯಿಸಿದ್ದಾರೆ. ಆದರೆ ಯಾರೂ ಹಿಂದಿನದನ್ನು ಕೆಡವಿ ಅದರ ಜಾಗದಲ್ಲಿ ಕಟ್ಟಲಿಲ್ಲ. ಎಂಟು ತಲೆಮಾರು ಇಲ್ಲೇ ಬಾಳಿ, 1939ರಲ್ಲಿ ಕೊನೆಯ ಒಡೆಯ ಲಿಯೊನಾರ್ಡ್ ಬ್ರಾಂಕ್ ಲ್ಯಾಂಪ್‌ಮನ್ ಜಮೀನಿನ ಸಮೇತ ಮನೆಯನ್ನು ಗ್ರೀನ್ ಕೌಂಟಿಯ ಇತಿಹಾಸ ಸಂಘಕ್ಕೆ ಬಿಟ್ಟುಕೊಟ್ಟನು.

ಹಿತ್ತಲಿನಲ್ಲಿ 1830ರ ದಶಕದ, ಹದಿಮೂರು ಮುಖಗಳ ಕಣಜದ ಕೊಟ್ಟಿಗೆಯೊಂದಿದೆ. ಬಂದವರೆಲ್ಲ ಫೋಟೊ ತೆಗೆಯುವುದು ಅಲ್ಲಿ. ಮಾವನೂ ಅದನ್ನು ಸುತ್ತಿ ನೋಡಿ ಮೆಚ್ಚಿದರು. ಆದರೆ ಅವರು ಮತ್ತೆ ಮನೆಯ ಬಳಿಗೇ ನಡೆದು, 1663ರ ಗೋಡೆಗೆ 1685ರ ಗೋಡೆ ಬಂದು ಕೂಡುವ ಕಡೆ ನಿಂತು, ಕೆಳಗಿನಿಂದ ಮೇಲಿನವರೆಗೆ ಕಲ್ಲಿನ ಸಾಲುಗಳನ್ನು ಕಣ್ಣಲ್ಲೇ ಅಳೆದರು.

“ಮಾವ, ಏನು ಕಾಣುತ್ತಿದೆ ನಿಮಗೆ?” ಎಂದು ಕೇಳಿದೆ.

“ಹಳೆಯ ಗೋಡೆಗೆ ಹೊಸದನ್ನು ಕೂಡಿಸುವಾಗ ಮೂಲೆಯ ಕಲ್ಲು ಕಿತ್ತು ಕಚ್ಚು ಕೊಡುವುದುಂಟು, ಸುಮ್ಮನೆ ಒತ್ತಿ ನಿಲ್ಲಿಸುವುದೂ ಉಂಟು. ಒತ್ತಿ ನಿಲ್ಲಿಸಿದರೆ ಸಂದು ಬಾಯಿಬಿಡುತ್ತದೆ. ಇಲ್ಲಿ ಇನ್ನೂ ಬಿಟ್ಟಿಲ್ಲ. ಕಟ್ಟಿದವನ ಹೆಸರೇನು?”

ಕಟ್ಟಿಸಿದವರ ಹೆಸರು ನಮ್ಮ ಕೈಯಲ್ಲಿದ್ದ ಮಾಹಿತಿ ಪತ್ರದಲ್ಲಿತ್ತು. ಕಟ್ಟಿದವರ ಹೆಸರು ಅದರಲ್ಲಿ ಇರಲಿಲ್ಲ. ಹಾಗೆಂದು ಮಾವನಿಗೆ ತಿಳಿಸಿದೆ.